ಚಿಕ್ಕ ವಯಸ್ಸಲ್ಲೇ ಶುಗರ್ ಬಂದ್ರೆ ಆಂಟಿಬಾಡಿ ರಿಪೋರ್ಟ್ ಓದೋದು ಹೇಗೆ

ಹೋದ ತಿಂಗಳು ಒಬ್ರು ಅಪ್ಪ ನಮ್ಮ ಲ್ಯಾಬ್ ಕೌಂಟರ್ ಹತ್ರ ಬಂದು, ಮಗಳ ರಿಪೋರ್ಟ್ ಹಿಡ್ಕೊಂಡು, "ಗ್ಯಾಡ್ ನೆಗೆಟಿವ್ ಬಂದಿದೆ ಸಾರ್, ಹಂಗಾದ್ರೆ ಟೈಪ್ 1 ಅಲ್ಲ, ಇನ್ಸುಲಿನ್ ನಿಲ್ಸಬಹುದು ಅಲ್ವಾ?" ಅಂದ್ರು. ಗ್ಯಾಡ್ ಅಂದ್ರೆ ಟೈಪ್ 1 ಪತ್ತೆಗೆ ಮಾಡೋ ಒಂದು ಆಂಟಿಬಾಡಿ ಟೆಸ್ಟ್. ಹುಡುಗಿಗೆ 17 ವರ್ಷ, ಕಡ್ಡಿ ಥರ ಇದ್ಲು, ಶುಗರ್ ಶುರುವಾಗಿ ನಾಲ್ಕು ವರ್ಷ. ಅದೇ ಹಾಳೆಯ ಕೆಳಗಿನ ಸಾಲಲ್ಲಿ ಸಿ-ಪೆಪ್ಟೈಡ್ (ದೇಹ ತಾನೇ ಎಷ್ಟು ಇನ್ಸುಲಿನ್ ಮಾಡ್ತಿದೆ ಅಂತ ಹೇಳೋ ಟೆಸ್ಟ್) 0.3 ಅಂತಿತ್ತು, ಅಂದ್ರೆ ತುಂಬಾ ಕಮ್ಮಿ, ಅದರ ಕಡೆ ಯಾರೂ ಕಣ್ಣೇ ಹಾಕಿರ್ಲಿಲ್ಲ. ನಾನು ಲ್ಯಾಬ್‌ನೋನು, ಡಾಕ್ಟ್ರಲ್ಲ, ಆದ್ರೂ ಡಾಕ್ಟ್ರಿಗೆ ತೋರ್ಸೋ ತನಕ ಒಂದು ಡೋಸೂ ಬಿಡ್ಬೇಡಿ ಅಂತ ಕೈ ಮುಗ್ದು ಕಳ್ಸಿದೆ.

ಟೈಪ್ 1ರಲ್ಲಿ ನಮ್ಮ ದೇಹಾನೇ ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ಮಾಡೋ ಬೀಟಾ ಕೋಶಗಳ ಮೇಲೆ ಬೀಳತ್ತೆ, ಆಂಟಿಬಾಡಿ ಅನ್ನೋದು ಆ ಜಗಳದ ಹೆಜ್ಜೆ ಗುರುತು ಅಷ್ಟೇ. ಗುರುತು ವರ್ಷ ಕಳೆದ ಹಾಗೆ ಅಳಿಸಿಯೂ ಹೋಗತ್ತೆ, ಹಾಗಾಗಿ ಟೆಸ್ಟ್ ಶುಗರ್ ಗೊತ್ತಾದ ಹೊಸದ್ರಲ್ಲೇ ಮಾಡ್ಸೋದು ಒಳ್ಳೇದು, ಇದಕ್ಕೆ ಖಾಲಿ ಹೊಟ್ಟೆ ಏನೂ ಬೇಕಿಲ್ಲ. ಮೊದ್ಲು ಗ್ಯಾಡ್ 65, ಅದು ನೆಗೆಟಿವ್ ಆದ್ರೆ ಅಲ್ಲಿಗೇ ನಿಲ್ಸದೆ ಐಎ-2 ಮತ್ತು ಜಿಂಕ್ ಟ್ರಾನ್ಸ್‌ಪೋರ್ಟರ್ 8 ಅನ್ನೋ ಇನ್ನೆರಡು ಆಂಟಿಬಾಡಿ ಟೆಸ್ಟನ್ನೂ ಕೇಳಿ. ಇನ್ಸುಲಿನ್ ಆಂಟಿಬಾಡಿ ಟೆಸ್ಟ್ ಪುಟ್ಟ ಮಕ್ಕಳಿಗೆ ಉಪಯೋಗ, ಆದ್ರೆ ಇಂಜೆಕ್ಷನ್ ಶುರುವಾಗಿ ಎರಡು ವಾರ ದಾಟಿದ್ರೆ ದುಡ್ಡು ದಂಡ, ಯಾಕಂದ್ರೆ ಚುಚ್ಚಿದ ಇನ್ಸುಲಿನ್‌ಗೆ ಬಂದ ಆಂಟಿಬಾಡಿನೂ ಅದ್ರಲ್ಲೇ ಕಾಣ್ಸತ್ತೆ. ರಿಪೋರ್ಟಲ್ಲಿ ಬರೀ ಪಾಸಿಟಿವ್ ನೆಗೆಟಿವ್ ಸಾಲಲ್ಲ, ನಂಬರ್ ಬೇಕು. ಗ್ಯಾಡ್ ಒಂದೇ, ಅದೂ ಗಡಿಗಿಂತ ಸ್ವಲ್ಪ ಮೇಲೆ ಬಂದ್ರೆ ಸುಳ್ಳು ಪಾಸಿಟಿವ್ ಇರಬಹುದು, ಆರೋಗ್ಯವಾಗಿರೋರಲ್ಲೂ ನೂರಕ್ಕೆ ಒಬ್ಬಿಬ್ರಿಗೆ ಹಾಗೆ ಬರತ್ತೆ.

ಈಗ ಮುಖ್ಯ ವಿಷ್ಯ. ಪುಸ್ತಕದ ಲೆಕ್ಕ ಎಲ್ಲಾ ಹೆಚ್ಚಾಗಿ ಯುರೋಪ್, ಅಮೆರಿಕದ ಬಿಳಿಯರನ್ನ ನೋಡಿ ಬರೆದದ್ದು. 2025ರಲ್ಲಿ ಯೋಡಾ ಅನ್ನೋ ಅಧ್ಯಯನ ಬಂತು, ಕ್ಯಾಮರೂನ್, ಉಗಾಂಡಾ, ದಕ್ಷಿಣ ಆಫ್ರಿಕಾದಲ್ಲಿ 30 ವರ್ಷದೊಳಗೆ ಶುಗರ್ ಬಂದು ಟೈಪ್ 1 ಅಂತ ಹಣೆಪಟ್ಟಿ ಹಚ್ಚಿಸ್ಕೊಂಡಿದ್ದ 894 ಜನರನ್ನ ನೋಡಿದ್ರು, ಸುಮಾರು 65% ಜನಕ್ಕೆ ಆಂಟಿಬಾಡಿನೇ ಇಲ್ಲ, ಜೀನ್ ಪ್ರಕಾರವೂ ಟೈಪ್ 1ರ ಅಪಾಯ ಕಮ್ಮಿ, ಹಾಗಂತ ಟೈಪ್ 2 ಥರಾನೂ ಇಲ್ಲ. ಅಮೆರಿಕದ ಕಪ್ಪು ಯುವಕರಲ್ಲೂ 15% ಹತ್ರ ಹೀಗೇ ಇದ್ರು. ಆದ್ರೆ ಬಿಳಿಯರಲ್ಲಿ ನೆಗೆಟಿವ್ ಬಂದೋರ ಜೀನ್ ನೋಡಿದ್ರೆ ಅದು ಟೈಪ್ 1ನ್ನೇ ತೋರಿಸ್ತಿತ್ತು! ಅಂದ್ರೆ ಅದೇ "ನೆಗೆಟಿವ್" ಅನ್ನೋ ಪದಕ್ಕೆ ಊರೂರಿಗೂ ಅರ್ಥ ಬೇರೆ.

ನಮ್ಮ ಕಡೆ ನೆಗೆಟಿವ್ ಬಂದ್ರೆ ಡಾಕ್ಟ್ರ ಹತ್ರ ಏನು ಕೇಳ್ಬೇಕು? ಮೊದ್ಲು ಸಿ-ಪೆಪ್ಟೈಡ್, ದೇಹ ಎಷ್ಟು ಇನ್ಸುಲಿನ್ ಮಾಡ್ತಿದೆ ಅಂತ ಅದು ಹೇಳತ್ತೆ. ಅದೇ ಹೊತ್ತಿನ ಶುಗರ್ ನಂಬರ್ ಜೊತೇಲಿರ್ಲಿ, ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಏರೋ ಆಮ್ಲ) ಏರಿ ಐಸಿಯು ಸೇರಿದ್ದವರು ಎರಡು ವಾರ ಬಿಟ್ಟು ಮಾಡ್ಸಿ. ಶುಗರ್ ಬಂದು ಮೂರು ವರ್ಷ ದಾಟಿದ್ರೆ ಇದು ಚೆನ್ನಾಗಿ ಮಾತಾಡತ್ತೆ: 0.6ಕ್ಕಿಂತ ಕೆಳಗೆ ಇದ್ರೆ ಇನ್ಸುಲಿನ್ ಇಲ್ದೆ ಆಗಲ್ಲ ಅಂತ್ಲೇ ಅಂದ್ಕೊಳ್ಳಿ, 1.8ಕ್ಕಿಂತ ಮೇಲೆ ಇದ್ರೆ ಟೈಪ್ 2 ಅಥವಾ ಬೇರೆ ಏನೋ. ಹೊಸದ್ರಲ್ಲಿ ಟೈಪ್ 1 ಇರೋರಿಗೂ ಚೆನ್ನಾಗೇ ಬರಬಹುದು, ಅದನ್ನ ನೋಡಿ ಹಿಗ್ಬೇಡಿ. (ಲೆಕ್ಕ ನ್ಯಾನೋಗ್ರಾಂನಲ್ಲಿ, ಯೂನಿಟ್ ನೋಡ್ಕೊಳ್ಳಿ.)

ಹೊಟ್ಟೆನೋವು ಬಂದು ಹೋಗ್ತಿದ್ರೆ, ಎಣ್ಣೆ ಎಣ್ಣೆ ಮಲ ಹೋಗ್ತಿದ್ರೆ ಹೊಟ್ಟೆ ಸ್ಕ್ಯಾನ್ ಕೇಳಿ, ಪ್ಯಾಂಕ್ರಿಯಾಸ್‌ನಲ್ಲೇ ಕಲ್ಲು ಕೂತಿರತ್ತೆ, ದಕ್ಷಿಣ ಭಾರತದಲ್ಲಿ, ಅದ್ರಲ್ಲೂ ಕೇರಳದಲ್ಲಿ ಇದು ಹಳೇ ಪರಿಚಯ. ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪ ಆಗಿದ್ರೆ ಟೈಪ್ 2 ಕಡೆ ಅನುಮಾನ. ಅಜ್ಜ, ಅಪ್ಪ, ಮಗ ಮೂರು ತಲೆಮಾರಿಗೂ ಚಿಕ್ಕ ವಯಸ್ಸಲ್ಲೇ ಬಂದಿದ್ರೆ ಮೋಡಿ ಟೆಸ್ಟ್ ಬಗ್ಗೆ ಕೇಳಿ, ಮಾಟ ಮೋಡಿ ಅಲ್ಲ ಮತ್ತೆ, ಒಂದೇ ಜೀನ್‌ನಿಂದ ಬರೋ ಶುಗರ್, ಅದ್ರಲ್ಲಿ ಕೆಲವು ಬಗೆ ಗ್ಲಿಕ್ಲಜೈಡ್ ಥರದ ಮಾತ್ರೇಲೇ ಹತೋಟಿಗೆ ಬರತ್ತೆ. ಆರು ತಿಂಗಳೊಳಗಿನ ಕೂಸಿಗೆ ಬಂದ್ರೆ ಆಂಟಿಬಾಡಿಗೆ ಕಾಯದೆ ನೇರ ಜೀನ್ ಟೆಸ್ಟೇ. ಬಡತನದಲ್ಲಿ, ಪೌಷ್ಟಿಕತೆ ಇಲ್ದೆ ಬೆಳೆದ ಸಣಕಲು ಹುಡುಗರಿಗೆ ಬರೋ ಶುಗರ್‌ಗೂ 2025ರಲ್ಲಿ ಐಡಿಎಫ್ (ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ) ಟೈಪ್ 5 ಅಂತ ಹೆಸರು ಕೊಡ್ತು, ಎಲ್ಲಾ ತಜ್ಞರೂ ಒಪ್ಪಿದ್ದಾರೆ ಅಂತಲ್ಲ.

ಇದೆಲ್ಲಾ ತೀರ್ಮಾನ ಆಗೋ ತನಕ ಇನ್ಸುಲಿನ್ ಸ್ವಂತ ಬುದ್ಧಿಯಿಂದ ನಿಲ್ಸಬೇಡಿ. ವಾಂತಿ, ಉಸಿರು ಜೋರಾಗೋದು, ಬಾಯಲ್ಲಿ ಹಣ್ಣು ಕೊಳೆತ ವಾಸನೆ ಬಂದ್ರೆ ರಿಪೋರ್ಟ್ ಬಿಟ್ಟು ಆಸ್ಪತ್ರೆಗೆ ಓಡಿ.

ಆ ಅಪ್ಪ ಮೊನ್ನೆ ಫೋನ್ ಮಾಡಿದ್ರು. ಡಾಕ್ಟ್ರು ಉಳಿದೆರಡು ಟೆಸ್ಟ್ ಬರೆದಿದ್ರಂತೆ, ಐಎ-2 ಪಾಸಿಟಿವ್ ಬಂದಿದೆ.