ಜಪಾನ್, ಜರ್ಮನಿ ತಂಡಗಳ ಜತೆ ಕೆಲಸ: ‘ಆಗುತ್ತೆ ಸಾರ್’ ಅನ್ನುವ ಮುಂಚೆ

ಡ್ರಾಯಿಂಗ್ ಜರ್ಮನಿಯಿಂದ ಬರುತ್ತದೆ, ಕ್ವಾಲಿಟಿ ಒಪ್ಪಿಗೆ ಜಪಾನಿನಿಂದ, ಪಾರ್ಟ್ ತಯಾರಾಗುವುದು ಕೋಲಾರ ಜಿಲ್ಲೆಯ ನರಸಾಪುರದಲ್ಲೋ ವೇಮಗಲ್‌ನಲ್ಲೋ ಮಾಲೂರಿನಲ್ಲೋ. ನಡುವೆ ನಿಂತು ಮೂರೂ ಕಡೆಯ ಮಾತು ಕೂಡಿಸುವ ಕೋಆರ್ಡಿನೇಟರ್‌ಗಳಿಗಾಗಿ ಇದು. ಇಂಥ ಪ್ರಾಜೆಕ್ಟ್ ಕೈಕೊಡುವುದು ಇಂಗ್ಲಿಷ್ ಸರಿಯಿಲ್ಲ ಅಂತ ಅಲ್ಲ. ಯಾರು ಯಾವುದಕ್ಕೆ ಒಪ್ಪಿದರು ಅನ್ನುವುದು ಮೂರು ಕಡೆ ಮೂರು ಥರ ಉಳಿದುಬಿಡುತ್ತದಲ್ಲ, ಅದಕ್ಕೆ.

ಮೊದಲು ನಮ್ಮವರನ್ನೇ ನೋಡಿ. ಕಾಲ್‌ನಲ್ಲಿ “18ಕ್ಕೆ ಸ್ಯಾಂಪಲ್ ಕಳಿಸ್ತೀರಾ?” ಎಂದರೆ ನಮ್ಮ ಎಂಜಿನಿಯರ್ “ಆಗುತ್ತೆ ಸಾರ್” ಅಂತಾನೆ. ಮ್ಯಾನೇಜರ್ ಪಕ್ಕದಲ್ಲಿ ಕೂತಿರುವಾಗ ಬೇರೆ ಉತ್ತರ ಹೊರಡುವುದಿಲ್ಲ. ಅವನ ಲೆಕ್ಕದಲ್ಲಿ ಅದು ಪ್ರಯತ್ನ, ಜರ್ಮನಿಯವರ ಪಟ್ಟಿಯಲ್ಲಿ ಖಾಯಂ ದಿನಾಂಕ. ಹಾಗಾಗಿ ಹೌದು-ಇಲ್ಲದಲ್ಲಿ ಮುಗಿಯುವ ಪ್ರಶ್ನೆ ಕೇಳಬೇಡಿ. “ಟೂಲ್ ಯಾವತ್ತು ಕೈಗೆ ಬರುತ್ತೆ? ಮೊದಲ ಪೀಸ್ ಯಾವತ್ತು ಅಳೀತೀರಿ? ಏನು ತಪ್ಪಿದರೆ 18 ತಪ್ಪುತ್ತೆ?” ಎಂದು ಕೇಳಿ. ಇದನ್ನು ಕಾಲ್‌ಗೆ ಮೊದಲೇ ಹದಿನೈದು ನಿಮಿಷ ನಮ್ಮವರಷ್ಟೇ ಕೂತು, ಕನ್ನಡದಲ್ಲೋ ತೆಲುಗಿನಲ್ಲೋ ಮುಗಿಸಿ. ಕೋಲಾರದ ಕಡೆ ಎರಡೂ ಓಡುತ್ತವೆ, ನಿಜ ಹೊರಬರುವುದೂ ಅದರಲ್ಲೇ. ಕಾಲ್ ನಡುವೆ ನಮ್ಮ ಭಾಷೆಗೆ ತಿರುಗಬೇಕಾದರೆ ಎರಡು ನಿಮಿಷ ಕೇಳಿಕೊಂಡು ಮ್ಯೂಟ್ ಮಾಡಿ. ಕೇಳದೆ ಗುಸುಗುಸು ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ. ನಾವು ಪಕ್ಕಕ್ಕೆ ತಲೆ ಆಡಿಸುವುದು ಒಪ್ಪಿಗೆಯೋ ಅಲ್ಲವೋ ಅವರಿಗೆ ತಿಳಿಯದು, ಬಾಯಿಬಿಟ್ಟು ಹೇಳಿ.

ಜಪಾನಿನವರ ಜತೆ ಮೀಟಿಂಗ್‌ನಲ್ಲೇ ತೀರ್ಮಾನ ಹಿಂಡಲು ಹೋಗಬೇಡಿ. ಸಾಮಾನ್ಯವಾಗಿ ಅವರಲ್ಲಿ ಸಂಬಂಧಪಟ್ಟವರೆಲ್ಲ ಮೊದಲೇ ಒಬ್ಬೊಬ್ಬರಾಗಿ ಮಾತಾಡಿಕೊಂಡಿರುತ್ತಾರೆ, ಮೀಟಿಂಗ್ ಅದಕ್ಕೆ ಮುದ್ರೆ ಅಷ್ಟೇ. ಮೂರು-ನಾಲ್ಕು ದಿನ ಮೊದಲೇ ಒಂದು ಪುಟದ ಟಿಪ್ಪಣಿ, ಫೋಟೊ, ಅಳತೆಯ ಶೀಟ್ ಕಳಿಸಿ, ಪ್ರಶ್ನೆಗಳಿದ್ದರೆ ಕಾಲ್‌ಗೆ ಮುಂಚೆಯೇ ಕೇಳಲು ಹೇಳಿ. “ಸ್ವಲ್ಪ ಕಷ್ಟ”, “ಪರಿಶೀಲಿಸುತ್ತೇವೆ” ಎಂಬ ಉತ್ತರ ಬಂದರೆ ಬಹುಪಾಲು ಆಗುವುದಿಲ್ಲ ಎಂದೇ ತಿಳಿದು ಎರಡನೇ ದಾರಿ ಸಿದ್ಧವಿಡಿ. ದುಭಾಷಿ ಇದ್ದರೆ ಕಾಲ್‌ಗೆ ದುಪ್ಪಟ್ಟು ಸಮಯ ಇಡಿ, ಒಂದು ವಾಕ್ಯ ಮುಗಿಸಿ ನಿಲ್ಲಿಸಿ. ಮೌನವಾದರೆ ಕಾಯಿರಿ. ನಮಗೆ ಮೌನ ತಡೆಯುವುದಿಲ್ಲ, ತುಂಬಲು ಹೋಗಿ ರಿಯಾಯಿತಿ ಕೊಟ್ಟುಬಿಡುತ್ತೇವೆ.

ಜರ್ಮನಿಯವರು “ಇದು ತಪ್ಪು” ಎಂದು ನೇರ ಬರೆದರೆ ಅದು ಡ್ರಾಯಿಂಗ್ ಬಗ್ಗೆ, ನಿಮ್ಮ ಬಗ್ಗೆ ಅಲ್ಲ. ಮೂರು ಸಾಲು ಕ್ಷಮೆ ಬೇಡ, ಅಳತೆ ಕಳಿಸಿ. ಎರಡೂ ದೇಶದಲ್ಲಿ ಹೀಗಿಲ್ಲದವರು ಬೇಕಾದಷ್ಟಿದ್ದಾರೆ. ಇದನ್ನು ಮೊದಲ ಊಹೆ ಎಂದಷ್ಟೇ ಇಟ್ಟುಕೊಳ್ಳಿ.

ತಡವಾಗುತ್ತದೆ ಎಂದು ಗೊತ್ತಾದ ದಿನವೇ ಬರೆಯಿರಿ. ಕೊನೇ ದಿನದ ತನಕ ಕಾದು “ಅಡ್ಜಸ್ಟ್ ಮಾಡ್ಕೊಳ್ಳಿ” ಅಂದರೆ ಜಪಾನಿನವರಿಗೆ ತಡಕ್ಕಿಂತ ಆ ಮೌನವೇ ದೊಡ್ಡ ತಪ್ಪು. ಮೇಲ್ ಹೀಗಿದ್ದರೆ ಸಾಕು: “500 ಪೀಸ್ ಬೇಕಿತ್ತು. 320 ಸಿದ್ಧ. ಪ್ಲೇಟಿಂಗ್ ಬಾತ್ ಕೆಟ್ಟು 180 ನಿಂತಿವೆ. 320 ಇವತ್ತು ಹೊರಡುತ್ತವೆ, ಉಳಿದವು ಗುರುವಾರ. ಬೇರೆ ಬೇರೆ ಕಳಿಸಬಹುದೇ? ನಾಳೆ ಮಧ್ಯಾಹ್ನ 12ರೊಳಗೆ, ಭಾರತದ ಸಮಯ, ತಿಳಿಸಿ.” ವಿಷಯದ ಸಾಲಿನಲ್ಲೇ ಪಾರ್ಟ್ ನಂಬರ್ ಇರಲಿ.

ಅಂಕಿಗಳಲ್ಲೂ ಗುಂಡಿಗಳಿವೆ. 1,250 ಎಂದರೆ ನಮಗೆ ಸಾವಿರದ ಇನ್ನೂರೈವತ್ತು, ಜರ್ಮನ್ ಡ್ರಾಯಿಂಗ್‌ನಲ್ಲಿ ಒಂದೂಕಾಲು. ಅವರ ಶೀಟ್‌ನಿಂದ ಎಕ್ಸೆಲ್‌ಗೆ ಪೇಸ್ಟ್ ಮಾಡಿದಾಗ ಇದು ಸದ್ದಿಲ್ಲದೆ ಸಾವಿರ ಪಟ್ಟಾಗುತ್ತದೆ. ಲಕ್ಷದ ಅಲ್ಪವಿರಾಮ ಹೊರಗಿನವರಿಗೆ ಗೊಂದಲ, 1,50,000 ಬದಲು 150 000 ಎಂದು ಜಾಗ ಬಿಟ್ಟು ಬರೆಯಿರಿ. 05/04 ನಮಗೆ ಏಪ್ರಿಲ್ 5, ಅಮೆರಿಕದವರಿಗೆ ಮೇ 4. ತಿಂಗಳನ್ನು ಅಕ್ಷರದಲ್ಲಿ ಬರೆದರೆ ತಂಟೆಯಿಲ್ಲ. ಇನ್ನೊಂದು, ಎಲ್ಲಕ್ಕಿಂತ ದುಬಾರಿ: ಜರ್ಮನ್ ಡ್ರಾಯಿಂಗ್ ಸಾಮಾನ್ಯವಾಗಿ ಫಸ್ಟ್ ಆ್ಯಂಗಲ್ (ಎಡದಿಂದ ಕಂಡ ನೋಟ ಬಲಕ್ಕೆ ಬರೆದಿರುತ್ತದೆ), ಜಪಾನಿನದು ಥರ್ಡ್ ಆ್ಯಂಗಲ್ (ಎಡದ ನೋಟ ಎಡಕ್ಕೇ). ಟೈಟಲ್ ಬ್ಲಾಕ್ (ಡ್ರಾಯಿಂಗ್ ಮೂಲೆಯ ವಿವರದ ಚೌಕ) ಹತ್ತಿರ, ಯಾವ ಆ್ಯಂಗಲ್ ಎಂದು ತೋರಿಸುವ ಕೋನ್ ಗುರುತು ನೋಡದೆ ಮೆಷಿನ್‌ಗೆ ಪ್ರೋಗ್ರಾಂ ಬರೆದರೆ ಎಡದ ತೂತು ಬಲಕ್ಕೆ ಹೋಗಿ, ಅಳತೆಯೆಲ್ಲ ಸರಿಯಿದ್ದೂ ಪಾರ್ಟ್ ಕನ್ನಡಿಯ ಬಿಂಬವಾಗುತ್ತದೆ.

ಮೂವರೂ ಸೇರುವ ಹೊತ್ತು ಚಿಕ್ಕದು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಜರ್ಮನಿ ಚಳಿಗಾಲದಲ್ಲಿ ನಾಲ್ಕೂವರೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಗಡಿಯಾರ ತಿರುಗುವುದು ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಚಳಿಗಾಲದಲ್ಲಿ ನಮ್ಮ ಮಧ್ಯಾಹ್ನ 1.30 ಅಂದರೆ ಜರ್ಮನಿಯಲ್ಲಿ ಬೆಳಿಗ್ಗೆ 9, ಜಪಾನಿನಲ್ಲಿ ಸಂಜೆ 5. ಬೇಸಿಗೆಯಲ್ಲಿ ಇದನ್ನು 12.30ಕ್ಕೆ ಎಳೆಯಿರಿ. ನಮ್ಮ ಊಟದ ಹೊತ್ತು ಹಾಳಾಗುತ್ತದೆ ನಿಜ, ಕ್ಯಾಂಟೀನ್‌ಗೆ ಮೊದಲೇ ಹೇಳಿಡಿ.

ರಜೆಯ ಪಟ್ಟಿ ವರ್ಷದ ಆರಂಭದಲ್ಲೇ ಒಂದೇ ಶೀಟ್‌ಗೆ ಬರಲಿ. ಏಪ್ರಿಲ್ 29ರಿಂದ ಮೇ 5ರವರೆಗೆ ಮತ್ತು ಆಗಸ್ಟ್ ನಡುವೆ ಜಪಾನಿನಲ್ಲಿ, ಕ್ರಿಸ್‌ಮಸ್‌ನಿಂದ ಹೊಸವರ್ಷದ ತನಕ ಜರ್ಮನಿಯಲ್ಲಿ ಉತ್ತರ ಸಿಗುವುದು ಕಷ್ಟ. ನಮ್ಮ ಆಯುಧಪೂಜೆಯನ್ನು ಬರೀ ‘ಹಬ್ಬದ ರಜೆ’ ಎಂದು ಹಾಕಿದರೆ ಆಫೀಸಿಗೆ ಮಾತ್ರ ರಜೆ ಅಂದುಕೊಳ್ಳುತ್ತಾರೆ. ‘ಮೆಷಿನ್ ಓಡುವುದಿಲ್ಲ, ಡಿಸ್ಪ್ಯಾಚ್ ಇಲ್ಲ’ ಎಂದು ದಿನಾಂಕ ಸಮೇತ ಬರೆದು, ತಿಂಗಳ ಮೊದಲೇ ಇನ್ನೊಮ್ಮೆ ನೆನಪಿಸಿ.