ಬೆಕ್ಕಿಗೆ ಹೊಟ್ಟೆ ಕಟ್ಟಿದೆಯಾ? ಮೊದಲು ಮರಳು ಕೆದಕಿ ನೋಡಿ

ನಮ್ಮ ಮನೆಯ ಗಂಡುಬೆಕ್ಕು ಕರಿಯನಿಗೆ ಹನ್ನೊಂದು ವರ್ಷ. ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಲಿಟರ್ ಬಾಕ್ಸ್‌ನಲ್ಲಿ ಕೂತು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ತಿಣುಕಿ ತಿಣುಕಿ ಸುಸ್ತಾಗಿ, ಏನೂ ಆಗದೆ ಹೊರಗೆ ಬಂದು ಚಾಪೆ ಮೇಲೆ ವಾಂತಿ ಮಾಡಿದ. ಮರಳು ಕೆದಕಿದರೆ ಹಿಂದಿನ ದಿನದ್ದು ಎರಡೇ ಉಂಡೆ, ಆಡಿನ ಹಿಕ್ಕೆಯ ಹಾಗೆ ಒಣಗಿ ಗಟ್ಟಿಯಾಗಿದ್ದವು. ನಾನು ಮಾಡಿದ ಮೊದಲ ಕೆಲಸ ಒಂದು ಬಟ್ಟಲು ಹಾಲು ಕೊಟ್ಟಿದ್ದು. ಅದು ತಪ್ಪು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಬೆಕ್ಕು ತಿಣುಕುತ್ತಿದೆ ಅಂದ ಕೂಡಲೇ ಮಲಬದ್ಧತೆ ಅಂದುಕೊಳ್ಳಬೇಡಿ. ಉಚ್ಚೆ ಕಟ್ಟಿದಾಗಲೂ ಬೆಕ್ಕು ಹೆಚ್ಚುಕಡಿಮೆ ಹೀಗೇ ಕೂರುತ್ತದೆ, ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಗಂಡುಬೆಕ್ಕುಗಳ ಮೂತ್ರನಾಳ ತುಂಬಾ ಕಿರಿದು. ಅದು ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಹಾಗಾಗಿ ಬಾಕ್ಸ್ ಖಾಲಿ ಮಾಡಿ ಹೊಸ ಮರಳು ಹಾಕಿ, ಉಚ್ಚೆಯ ಒದ್ದೆ ಗಡ್ಡೆ ಬೀಳುತ್ತಾ ಅಂತ ಕಾದು ನೋಡಿ. ಪದೇ ಪದೇ ಬಾಕ್ಸ್‌ಗೆ ಹೋಗುವುದು, ಬರೀ ಹನಿ ಹನಿ ಬೀಳುವುದು, ಕೂಗುವುದು, ಕೆಳಗೆ ನೆಕ್ಕುತ್ತಲೇ ಇರುವುದು, ಇವು ಕಂಡರೆ ಮರಳು ನೋಡುತ್ತಾ ಕೂರುವುದೂ ಬೇಡ. ರಾತ್ರಿಯಾದರೂ ಸರಿ, ಡಾಕ್ಟರ್ ಹತ್ತಿರ ಓಡಿ.

ಉಚ್ಚೆ ಸರಿಯಾಗಿ ಆಗುತ್ತಿದೆ, ಕಕ್ಕ ಮಾತ್ರ ಇಲ್ಲ ಅನ್ನಿ. ಆಗ ಲೆಕ್ಕ ಹಾಕಿ. ಹೆಚ್ಚಿನ ಬೆಕ್ಕುಗಳು ದಿನಕ್ಕೊಂದು ಸಲ ಹೋಗುತ್ತವೆ. ಒಂದೂವರೆ ದಿನ ಆದರೂ ಗಾಬರಿ ಬೇಡ. ಎರಡು ದಿನ ಆಯಿತು, ಆದರೆ ಊಟ ಮಾಡುತ್ತಿದೆ, ಓಡಾಡಿಕೊಂಡಿದೆ ಅಂದರೆ ಮನೆಯಲ್ಲಿ ಪ್ರಯತ್ನಿಸಬಹುದು. ಮೂರನೇ ದಿನವೂ ಇಲ್ಲ ಅಂದರೆ ಆಸ್ಪತ್ರೆ. ವಾಂತಿ ಇದ್ದರೆ, ಊಟ ಬಿಟ್ಟಿದ್ದರೆ, ಮೂಲೆಯಲ್ಲಿ ಮುದುರಿ ಕೂತಿದ್ದರೆ ಮೂರು ದಿನ ಕಾಯುವುದೇ ಬೇಡ.

ಮನೆಮದ್ದು ಅಂದರೆ ಮುಕ್ಕಾಲು ಪಾಲು ನೀರೇ. ಮಲ ದೊಡ್ಡ ಕರುಳಿನಲ್ಲಿ ನಿಂತಷ್ಟು ಹೊತ್ತೂ ಕರುಳು ಅದರ ನೀರು ಹೀರುತ್ತಲೇ ಇರುತ್ತದೆ, ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಹೋಗುವಾಗ ನೋವು, ನೋವಿಗೆ ಹೆದರಿ ಬೆಕ್ಕು ತಡೆದುಕೊಳ್ಳುತ್ತದೆ. ಬೆಕ್ಕಿಗೆ ಬಾಯಾರಿಕೆಯೂ ಕಡಿಮೆ. ಒಣ ಕಾಳಿನ ಊಟದಲ್ಲಿ ಇರುವುದು ನೂರಕ್ಕೆ ಹತ್ತು ಭಾಗ ನೀರು, ಡಬ್ಬಿ ಅಥವಾ ಪೌಚ್‌ನ ಹಸಿ ಊಟದಲ್ಲಿ ಎಪ್ಪತ್ತೈದರ ಮೇಲೆ. ಹಾಗಾಗಿ ಬರೀ ಕಾಳು ತಿನ್ನುವ ಬೆಕ್ಕಿಗೆ ಕಾಳನ್ನು ಬಿಸಿನೀರಲ್ಲಿ ನೆನೆಸಿ, ಆರಿಸಿ ಕೊಡಿ. ನಾನು ಮಾಡುವುದು ಹೀಗೆ: ಎರಡು ಬೂತಾಯಿ ಇಲ್ಲವೇ ಒಂದು ಬಂಗುಡೆಯನ್ನು ಜಾಸ್ತಿ ನೀರಲ್ಲಿ ಬೇಯಿಸಿ, ಮುಳ್ಳು ತೆಗೆದು, ಮೀನು ಬೆಂದ ನೀರನ್ನು ಊಟದ ಮೇಲೆ ಸುರಿಯುತ್ತೇನೆ. ಉಪ್ಪು ಬೇಡ. ಈರುಳ್ಳಿ, ಬೆಳ್ಳುಳ್ಳಿಯಂತೂ ಬೇಡವೇ ಬೇಡ, ಬೆಕ್ಕಿಗೆ ಅವು ವಿಷ. ನೀರಿನ ಬಟ್ಟಲು ಅಗಲವಾಗಿರಲಿ, ಊಟದ ತಟ್ಟೆಯಿಂದಲೂ ಲಿಟರ್ ಬಾಕ್ಸ್‌ನಿಂದಲೂ ದೂರ ಇರಲಿ. ಕರಿಯ ಇನ್ನೂರು ರೂಪಾಯಿಯ ಬಟ್ಟಲು ಬಿಟ್ಟು ಬಚ್ಚಲುಮನೆಯ ಬಕೆಟ್ಟಿಗೇ ಬಾಯಿ ಹಾಕುತ್ತಾನೆ. ಸರಿ ಮಾರಾಯ ಅಂತ ದಿನಾ ಅದನ್ನೇ ತೊಳೆದು ತುಂಬಿಸುತ್ತೇನೆ.

ನೀರಾದ ಮೇಲೆ ನಾರು. ಸಿಹಿಗುಂಬಳವನ್ನು ಉಪ್ಪು, ಬೆಲ್ಲ ಏನೂ ಹಾಕದೆ ಬೇಯಿಸಿ, ನುಣ್ಣಗೆ ಕಿವುಚಿ, ಒಂದು ಟೀ ಚಮಚ ಊಟಕ್ಕೆ ಕಲಸಿ. ಕೆಲವು ಬೆಕ್ಕುಗಳು ಮೂಸಿ ನೋಡಿ ಹೋಗಿಬಿಡುತ್ತವೆ, ಅಂಥವಕ್ಕೆ ಕಾಲು ಟೀ ಚಮಚ ಇಸಬ್‌ಗೋಲ್ ಅನ್ನು ಮೀನಿನ ನೀರಲ್ಲಿ ಚೆನ್ನಾಗಿ ನೆನೆಸಿ ಕೊಡಬಹುದು. ಆದರೆ ಒಂದು ಮಾತು. ನೀರು ಸಾಲದ ಬೆಕ್ಕಿಗೆ, ಹೊಟ್ಟೆ ತುಂಬಾ ಗಟ್ಟಿ ಮಲ ಕಟ್ಟಿಕೊಂಡಿರುವ ಬೆಕ್ಕಿಗೆ ನಾರು ಕೊಟ್ಟರೆ ಕಟ್ಟಿದ್ದು ಇನ್ನೂ ದಪ್ಪ ಆಗುತ್ತದೆ ಅಷ್ಟೇ.

ಈಗ ಹಾಲಿನ ವಿಷಯ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ. ಭೇದಿಯಾದರೆ ಇರುವ ನೀರೂ ಹೋಗುತ್ತದೆ, ಗಟ್ಟಿ ಮಲ ಮಾತ್ರ ಅಲ್ಲೇ ಕೂತಿರುತ್ತದೆ. ಹರಳೆಣ್ಣೆಯೂ ಬೇಡ. ಯಾವ ಎಣ್ಣೆಯನ್ನೂ ಬಾಯಿಗೆ ಬಲವಂತವಾಗಿ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರುತ್ತದೆ. ಎಲ್ಲಕ್ಕಿಂತ ಅಪಾಯ ಮನುಷ್ಯರ ಎನಿಮಾ. ನಾನು ಔಷಧಿ ಅಂಗಡಿಯಲ್ಲಿ ವಿಷಯ ಹೇಳಿದಾಗ ಅಲ್ಲಿದ್ದವರು ಸುಮ್ನೆ ಒಂದು ಎನಿಮಾ ಬಾಟಲಿ ಕೈಗಿಟ್ಟರು. ಪುಣ್ಯಕ್ಕೆ ಬಳಸಲಿಲ್ಲ. ಅದರಲ್ಲಿ ಇದ್ದದ್ದು ಫಾಸ್ಫೇಟ್, ಬೆಕ್ಕಿನ ಪ್ರಾಣವನ್ನೇ ತೆಗೆಯುವಂಥದ್ದು. ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಸಿರಪ್ ಅನ್ನು ಡಾಕ್ಟರೇ ಬೆಕ್ಕಿಗೆ ಬರೆದುಕೊಡುತ್ತಾರೆ ನಿಜ, ಆದರೆ ಅಳತೆ ತೂಕ ನೋಡಿ ಅವರೇ ಹೇಳಬೇಕು.

ಇನ್ನು ಚಿಕ್ಕಪುಟ್ಟದ್ದು. ಬಾಕ್ಸ್ ಗಲೀಜಾಗಿದ್ದರೆ ಬೆಕ್ಕು ತಡೆದುಕೊಳ್ಳುತ್ತದೆ, ದಿನಾ ತೆಗೆಯಿರಿ. ಪರ್ಷಿಯನ್ ಥರ ಉದ್ದ ಕೂದಲಿನ ಬೆಕ್ಕಾದರೆ ದಿನಾ ಬಾಚಿ, ಬಾಲದ ಕೆಳಗೆ ಕೂದಲು ಗಂಟುಕಟ್ಟಿ ದಾರಿಯೇ ಮುಚ್ಚಿದೆಯಾ ಅಂತಲೂ ನೋಡಿ. ಹಿಂದುಗಡೆ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ಒಳಗೆ ಕರುಳು ಕೊಯ್ಯಬಹುದು. ಹಾಗೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಕರಿಯನನ್ನು ಮರುದಿನ ತೋರಿಸಿದೆ. ವಾಂತಿ ಆದ ದಿನವೇ ಯಾಕೆ ಬರಲಿಲ್ಲ ಅಂತ ಡಾಕ್ಟರಮ್ಮ ಬೈದರು. ಹೊಟ್ಟೆ ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿದರು. ಕಿಡ್ನಿ ಸೋಲುವುದಕ್ಕೆ ಶುರುವಾಗಿದೆ, ಮೈಯಲ್ಲಿ ನೀರು ನಿಲ್ಲುತ್ತಿಲ್ಲ, ಮಲ ಒಣಗುವುದು ಅದಕ್ಕೇ ಅಂದರು. ವಯಸ್ಸಾದ ಬೆಕ್ಕಿಗೆ ಹೀಗೆ ಮತ್ತೆ ಮತ್ತೆ ಆಗುತ್ತಿದ್ದರೆ ಬರೀ ಕುಂಬಳ ಕೊಟ್ಟುಕೊಂಡು ಕೂರಬೇಡಿ. ಪದೇ ಪದೇ ಕಟ್ಟಿದರೆ ಕರುಳು ಹಿಗ್ಗಿ, ತಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಈಗ ನಮ್ಮ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಕರಿಯನ ಲೆಕ್ಕವೂ ಇದೆ. ಆದ ದಿನ ಒಂದು ಟಿಕ್, ಗಟ್ಟಿಯಾಗಿದ್ದರೆ ಪಕ್ಕದಲ್ಲಿ ಒಂದು ಚುಕ್ಕಿ. ಇದೇನು ಅಂತ ನೆಂಟರು ಕೇಳಿದರೆ ಗ್ಯಾಸ್ ಬುಕ್ಕಿಂಗ್ ಅನ್ನುತ್ತೇನೆ.