ತಲೆ ಮೇಲೆ ಕೆಂಡ: ತೋಟದ ಕ್ಯಾಂಪಿನಲ್ಲಿ ಡಚ್ ಓವನ್ ಸಿಹಿ

ಅಮೆರಿಕದಿಂದ ಬರುವಾಗ ನಮ್ಮ ಭಾವ ಸೂಟ್‌ಕೇಸಿನಲ್ಲಿ 9 ಕೆಜಿಯ ಒಂದು ಕಬ್ಬಿಣದ ಪಾತ್ರೆ ಇಟ್ಟುಕೊಂಡು ಬಂದರು. ನಾನೇ ಕೇಳಿದ್ದು. ಅಕ್ಕ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. "ಬಾದಾಮಿ, ಚಾಕಲೇಟು ಎಲ್ಲ ಬಿಟ್ಟು ನಿನ್ನ ಬಾಣಲೆ ಹೊತ್ಕೊಂಡು ಬಂದ್ವಿ." ಅದು ಬಾಣಲೆ ಅಲ್ಲ, ಡಚ್ ಓವನ್. 12 ಇಂಚು ಅಗಲ, ಎರಕದ ಕಬ್ಬಿಣ. ಕೆಳಗೆ ಮೂರು ಗಿಡ್ಡ ಕಾಲು, ಎತ್ತೋಕೆ ದಪ್ಪ ತಂತಿಯ ಹಿಡಿ. ಮುಚ್ಚಳ ಹೆಚ್ಚು ಕಡಿಮೆ ಚಪ್ಪಟೆ, ಅದರ ಸುತ್ತ ಬೆರಳಿನಷ್ಟು ಎದ್ದ ಅಂಚು. ಮೇಲೆ ಹಾಕಿದ ಕೆಂಡ ಉರುಳಿ ಬೀಳದೆ ಇರಲಿ ಅಂತ ಆ ಅಂಚು.

ನಾನು ತುಮಕೂರಿನ ಹತ್ತಿರ ಹೈಸ್ಕೂಲ್ ಟೀಚರ್. ಸ್ಕೌಟ್ಸ್, ಗೈಡ್ಸ್ ಮಕ್ಕಳನ್ನು ನೋಡಿಕೊಳ್ಳೋ ಕೆಲಸವೂ ನನ್ನ ತಲೆಗೇ ಬಿತ್ತು. ವರ್ಷಕ್ಕೆ ಒಂದೆರಡು ಸಲ 24 ಮಕ್ಕಳನ್ನು ಕಟ್ಟಿಕೊಂಡು ಎರಡು ರಾತ್ರಿ ಕ್ಯಾಂಪ್ ಹೋಗುತ್ತೇವೆ. ಬೆಳಗ್ಗೆ ದೇವರಾಯನದುರ್ಗ ಹತ್ತುತ್ತೇವೆ, ನಾಮದ ಚಿಲುಮೆಯಲ್ಲಿ ಕೂತು ಚಿತ್ರಾನ್ನ ತಿನ್ನುತ್ತೇವೆ. ಆದರೆ ಉಳಿಯೋದು, ಒಲೆ ಹಚ್ಚೋದು ಊರ್ಡಿಗೆರೆ ಕಡೆ ಒಬ್ಬ ವಿದ್ಯಾರ್ಥಿಯ ತೆಂಗಿನ ತೋಟದಲ್ಲಿ. ಬೆಟ್ಟದ ಸುತ್ತ ಇರೋದು ಮೀಸಲು ಅರಣ್ಯ, ಅಲ್ಲಿ ಬೆಂಕಿ ಹಚ್ಚುವುದು ಅಪರಾಧ. ಮೇ ತಿಂಗಳಲ್ಲಿ ಆ ಹುಲ್ಲು ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ಪಾತ್ರೆ ನೋಡಿದ ಕೂಡಲೇ ಮಕ್ಕಳ ಮೊದಲ ಪ್ರಶ್ನೆ: "ಮಿಸ್, ಡಚ್ ಅಂದ್ರೆ ಇತಿಹಾಸದ ಪಾಠದಲ್ಲಿ ಬರೋ ಡಚ್ಚರಾ?" ಹೌದು, ಅವರೇ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯೋದರಲ್ಲಿ ಡಚ್ಚರು ಗಟ್ಟಿಗರು. ಅಬ್ರಹಾಂ ಡರ್ಬಿ ಅನ್ನೋ ಇಂಗ್ಲಿಷಿನವನು ಅವರ ಕೆಲಸ ನೋಡಿ ಬಂದು, ಕಬ್ಬಿಣದ ಪಾತ್ರೆಗಳನ್ನು ಹಾಗೆ ಎರಕ ಹೊಯ್ಯೋಕೆ 1707ರಲ್ಲಿ ಪೇಟೆಂಟ್ ತೆಗೆದುಕೊಂಡ. ಡಚ್ ಅನ್ನೋ ಹೆಸರು ಅಲ್ಲಿಂದ ಬಂತು ಅಂತ ಹೇಳುತ್ತಾರೆ. ಕಾಲು, ಅಂಚು ಇರೋ ಈ ರೂಪ ಬೆಳೆದಿದ್ದು ಅಮೆರಿಕದಲ್ಲಿ. ಅಲ್ಲಿನ ಸ್ಕೌಟ್ ಮಕ್ಕಳಿಗೆ ಇದು ನಮ್ಮ ಉಪ್ಪಿಟ್ಟಿನ ಬಾಣಲೆ ಇದ್ದ ಹಾಗೆ. "ಅಯ್ಯೋ ಮಿಸ್, ನಮ್ಮ ಮಾವ ಬಿರಿಯಾನಿ ದಮ್ ಹಾಕುವಾಗ ಮುಚ್ಚಳದ ಮೇಲೆ ಕೆಂಡ ಸುರೀತಾರೆ, ಇದೂ ಅದೇ ತಾನೆ?" ಅಂದ ಒಬ್ಬ ಹುಡುಗ. ನಾನು ಅರ್ಧ ಗಂಟೆ ವಿವರಿಸಿದ್ದು ಅವನ ಒಂದು ಮಾತಿನಲ್ಲಿ ಮುಗಿಯಿತು.

ಆದರೂ ಮೊದಲ ಸಲ ಕೆಟ್ಟಿತು. ಬಾಳೆಹಣ್ಣಿನ ಕೇಕ್ ಮಾಡಲು ಹೊರಟಿದ್ದೆವು. ತಳಕ್ಕೆ ಬೆಣ್ಣೆ, ಬೆಲ್ಲ, ಅದರ ಮೇಲೆ ಬಿಲ್ಲೆ ಬಿಲ್ಲೆಯಾಗಿ ಪಚ್ಚಬಾಳೆ, ಮೇಲೆ ಹಿಟ್ಟು. ಆಮೇಲೆ ಪಾತ್ರೆ ಮಗುಚಿದರೆ ಬಾಳೆಹಣ್ಣು ಮೇಲೆ ಬರಬೇಕು. ನಾನು ಟೆಂಟಿನ ಹಗ್ಗ ನೋಡೋಕೆ ಹೋಗಿದ್ದೆ. ಬಂದು ನೋಡಿದರೆ ಪಾತ್ರೆಯ ಕೆಳಗೆ ಕೆಂಡದ ರಾಶಿ, ಮೇಲೆ ನಾಲ್ಕೋ ಐದೋ. ಒಲೆ ಅಂದರೆ ಬೆಂಕಿ ಕೆಳಗೆ ಅಂತಲೇ ನಾವೆಲ್ಲ ಬೆಳೆದಿದ್ದು, ಮಕ್ಕಳ ತಪ್ಪೇನಿಲ್ಲ. ಹದಿನೈದು ನಿಮಿಷಕ್ಕೆ ಬೆಲ್ಲ ಸೀದ ವಾಸನೆ. ಮುಚ್ಚಳ ತೆಗೆದರೆ ಮೇಲೆ ಹಸಿ ಹಿಟ್ಟು, ಕೆಳಗೆ ಟಾರು. ಸಕ್ಕರೆಗಿಂತ ಬೆಲ್ಲ ಬೇಗ ಹತ್ತುತ್ತೆ ಅನ್ನೋದು ನನಗೆ ನೆನಪಿರಬೇಕಿತ್ತು. ಮಧ್ಯದ ಪದರ ಒಂದಿಷ್ಟು ಚೆನ್ನಾಗಿಯೇ ಇತ್ತು. ಅದನ್ನು ಕೆರೆದು ತಿಂದರು. ಹದಿಮೂರು ವರ್ಷದ ಮಕ್ಕಳು ಸಿಹಿ ಬಿಡೋದುಂಟಾ?

ಅವತ್ತಿನಿಂದ ಲೆಕ್ಕ ಹಿಡಿದೆವು. ಅಂಗಡಿಯ ಇದ್ದಿಲು ಉಂಡೆ ಬಳಸಿದರೆ ಲೆಕ್ಕ ಸುಲಭ. ಪಾತ್ರೆ ಎಷ್ಟು ಇಂಚೋ ಅದಕ್ಕೆ 3 ಕೂಡಿಸಿ ಮೇಲೆ, 3 ಕಳೆದು ಕೆಳಗೆ. ನಮ್ಮ 12 ಇಂಚಿಗೆ ಮೇಲೆ 15, ಕೆಳಗೆ 9. ಒಳಗೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಸಿಗುತ್ತೆ, ಕೇಕಿಗೆ ಅಷ್ಟು ಸಾಕು. ಬೆಲ್ಲದ್ದಾದರೆ ನಾನು ಕೆಳಗಿನಿಂದ ಇನ್ನೂ ಒಂದೆರಡು ತೆಗೆದು ಮೇಲಕ್ಕೆ ಹಾಕುತ್ತೇನೆ. ಕೆಳಗಿನ ಕೆಂಡವನ್ನು ಬಳೆಯ ಹಾಗೆ ಸುತ್ತ ಇಡಬೇಕು, ನಟ್ಟನಡುವೆ ಒಂದೂ ಬೇಡ. ನಡುವೆ ಇಟ್ಟಿರೋ, ಅಲ್ಲಿ ಒಂದು ರೂಪಾಯಿ ಅಗಲದ ಕಪ್ಪು ಚುಕ್ಕೆ ಗ್ಯಾರಂಟಿ.

ಆದರೆ ತೆಂಗಿನ ಸೀಮೆಯಲ್ಲಿದ್ದುಕೊಂಡು ದುಡ್ಡು ಕೊಟ್ಟು ಇದ್ದಿಲು ತರೋದು ನನಗೆ ಸರಿ ಬರಲಿಲ್ಲ. ತೋಟದಲ್ಲಿ ಚಿಪ್ಪಿನ ಗುಡ್ಡವೇ ಇದೆ. ಅದನ್ನೇ ಸುಟ್ಟೆವು. ಚಿಪ್ಪಿನ ಕೆಂಡ ಬಿಸಿಗೆ ಏನೂ ಕಡಿಮೆ ಇಲ್ಲ, ಆದರೆ ಅದರ ಗುಣವೇ ಬೇರೆ. ಮೊದಲು ಎಣ್ಣೆ ಬಿಟ್ಟುಕೊಂಡು ಭಗ್ ಅಂತ ಉರಿಯುತ್ತೆ, ಹೊಗೆ ಕಣ್ಣಿಗೆ ಬರುತ್ತೆ. ಉರಿ ಪೂರ್ತಿ ಇಳಿದು ಮೇಲೆ ಬಿಳಿ ಬೂದಿ ಕಟ್ಟೋ ತನಕ ಮುಟ್ಟಬಾರದು. ತೆಳು ಇರೋದರಿಂದ ಬೇಗ ಸೋಲುತ್ತೆ. 40 ನಿಮಿಷದ ಅಡುಗೆಗೆ ನಡುವೆ ಒಂದು ಸಲ ಹೊಸ ಕೆಂಡ ಬೇಕು, ಹಾಗಾಗಿ ಪಕ್ಕದಲ್ಲಿ ಇನ್ನೊಂದು ಒಲೆ ಉರೀತಾನೇ ಇರಬೇಕು. ತುಂಡುಗಳು ಒಂದೊಂದು ಒಂದೊಂದು ಸೈಜು, ಎಣಿಸೋಕಾಗಲ್ಲ. ಮಕ್ಕಳೇ ಅಳತೆ ಕಂಡುಕೊಂಡರು: ಮೇಲೆ ಎರಡು ಸೌಟು, ಕೆಳಗೆ ಒಂದು ಸೌಟು.

ಇನ್ನು ಗಾಳಿ. ಬಯಲಿನಲ್ಲಿ ಸಂಜೆ ಗಾಳಿ ಎದ್ದರೆ ಗಾಳಿ ಬರೋ ಕಡೆಯ ಕೆಂಡ ಬೇಗ ಉರಿದು ಒಂದು ಪಕ್ಕ ಸೀಯುತ್ತೆ. ಅದಕ್ಕೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪಾತ್ರೆಯನ್ನು ಕಾಲು ಸುತ್ತು ಒಂದು ಕಡೆಗೆ, ಮುಚ್ಚಳವನ್ನು ಕಾಲು ಸುತ್ತು ಇನ್ನೊಂದು ಕಡೆಗೆ ತಿರುಗಿಸಬೇಕು. ಮುಚ್ಚಳ ತೆಗೆಯೋದಲ್ಲ, ತಿರುಗಿಸೋದು ಅಷ್ಟೆ. ಈ ಕೆಲಸ ಯಾವಾಗಲೂ ತಂಡದ ಅತಿ ಚೇಷ್ಟೆ ಹುಡುಗನಿಗೇ ಕೊಡುತ್ತೇನೆ. ಕೈಯಲ್ಲಿ ವಾಚು ಕೊಟ್ಟು ಕೂರಿಸಿದರೆ ಮುಕ್ಕಾಲು ಗಂಟೆ ನಮಗೂ ನೆಮ್ಮದಿ.

ಈಗ ನಮ್ಮ ಮಕ್ಕಳು ಕೇಳಿ ಕೇಳಿ ಮಾಡಿಸೋದು ಹಲಸಿನ ಕಾಬ್ಲರ್. ಕಾಬ್ಲರ್ ಅಂದರೆ ಕೆಳಗೆ ಹಣ್ಣಿನ ಗೊಜ್ಜು, ಮೇಲೆ ದಪ್ಪ ಹಿಟ್ಟಿನ ಮುಸುಕು. ಅಮೆರಿಕದಲ್ಲಿ ಪೀಚ್ ಹಣ್ಣು ಹಾಕುತ್ತಾರೆ. ನಮಗೆ ಪೀಚ್ ಯಾಕೆ, ಗುಬ್ಬಿ ತಾಲ್ಲೂಕಿನ ಚೇಳೂರು ಸಂತೆಗೆ ಹೋದರೆ ರಾಶಿ ರಾಶಿ ಹಲಸು. ಕೆಂಪು ತೊಳೆಯ ಸಿದ್ದು ಹಲಸು ಹುಟ್ಟಿದ್ದೂ ಚೇಳೂರಿನಲ್ಲೇ. ಅದು ದುಬಾರಿ, ನಾವು ಮಾಮೂಲಿ ಬಕ್ಕೆ ಹಲಸೇ ತರುತ್ತೇವೆ. ಮೆತ್ತಗಿನ ಅಂಬಲಿ ಹಲಸು ಬೇಡ, ಬೆಂದರೆ ನಾರು ನಾರಾಗುತ್ತೆ.

ಒಂದು ಪಾತ್ರೆಗೆ, ಅಂದರೆ 12 ಮಕ್ಕಳಿಗೆ, ಬೀಜ ತೆಗೆದ ತೊಳೆ ಒಂದೂವರೆ ಕೆಜಿ. ಬಿಡಿಸೋ ಮೊದಲು ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ. ಮರೆತವರು ರಾತ್ರಿಯೆಲ್ಲ ಮೇಣ ಉಜ್ಜಿಕೊಳ್ಳುತ್ತಾ ಕೂರುತ್ತಾರೆ. ತೊಳೆಯನ್ನು ಬೆರಳಗಲ ಹೆಚ್ಚಿ, 150 ಗ್ರಾಂ ಬೆಲ್ಲ, ಒಂದು ಲೋಟ ನೀರು, ಎರಡು ನಿಂಬೆಹಣ್ಣಿನ ರಸ, ಎರಡು ಚಮಚ ಅಕ್ಕಿ ಹಿಟ್ಟು, ಏಲಕ್ಕಿ ಹಾಕಿ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸುತ್ತೇವೆ. ಈ ಹೊತ್ತಿನಲ್ಲಿ ಕೆಂಡ ಪೂರ್ತಿ ಕೆಳಗೇ ಇರಬಹುದು. ಗೊಜ್ಜು ಕುದೀತಾ ಇರುವಾಗಲೇ ಮೇಲೆ ಹಿಟ್ಟು ಬೀಳಬೇಕು. ತಣ್ಣಗಿನ ಹಣ್ಣಿನ ಮೇಲೆ ಹಾಕಿದರೆ ಹಿಟ್ಟಿನ ಅಡಿಭಾಗ ಅಂಟಂಟಾಗೇ ಉಳಿಯುತ್ತೆ.

ಹಿಟ್ಟಿಗೆ ಮೈದಾ 300 ಗ್ರಾಂ, ರಾಗಿ ಹಿಟ್ಟು 100 ಗ್ರಾಂ, ಸಕ್ಕರೆ 100 ಗ್ರಾಂ, ನಾಲ್ಕು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ರಾಗಿ ಸೇರಿಸಿದ್ದು ಒಬ್ಬ ಹುಡುಗಿ, ಮೈದಾ ಸಾಲದೆ ಬಂದಾಗ. ಹುರಿದ ಹಾಗೆ ಒಂಥರಾ ಘಮ ಬಂತು, ಅದನ್ನೇ ಉಳಿಸಿಕೊಂಡೆವು. ಇದಕ್ಕೆ 150 ಗ್ರಾಂ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ಪುಡಿಪುಡಿ ಮಾಡಬೇಕು. ಮೇ ತಿಂಗಳ ಸೆಖೆಗೆ ಬೆಣ್ಣೆ ಕೈಯಲ್ಲೇ ಕರಗುತ್ತೆ. ಹಾಗಾಗಿ ಅದನ್ನು ಡಬ್ಬಿಯಲ್ಲಿ ಹಾಕಿ, ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ತೇಲಿಬಿಟ್ಟಿರುತ್ತೇವೆ. ಕೊನೆಗೆ ಒಂದೂವರೆ ಲೋಟ ಹಾಲು. ವಡೆ ಹಿಟ್ಟಿನ ಹದ ಬಂದರೆ ಸಾಕು, ಜಾಸ್ತಿ ಕಲಸಬಾರದು. ಮೊಟ್ಟೆ ಹಾಕೋದಿಲ್ಲ, ತಿನ್ನದ ಮಕ್ಕಳೂ ಇರುತ್ತಾರಲ್ಲ. ಚಮಚದಲ್ಲಿ ಗೊಜ್ಜಿನ ಮೇಲೆ ಅಲ್ಲಲ್ಲಿ ಬಿಟ್ಟು ಮುಚ್ಚಳ ಹಾಕಿ, ಕೆಂಡವನ್ನು ಮೇಲಕ್ಕೆ ಏರಿಸಿದರೆ 40 ನಿಮಿಷ. ಹೊಸ ತೆಂಗಿನ ಕಡ್ಡಿ ತೊಳೆದು ಇಟ್ಟುಕೊಂಡಿರುತ್ತೇವೆ. ಹಿಟ್ಟಿಗೆ ಚುಚ್ಚಿ ತೆಗೆದರೆ ಒಣಗಿ ಬರಬೇಕು. ನಿಜ ಹೇಳಬೇಕೆಂದರೆ ಕಡ್ಡಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತೆ. ಘಮ ತೋಟದ ಬಾವಿ ತನಕ ಹೋದಾಗ ಬೆಂದಿದೆ ಅಂತ ಅರ್ಥ.

ಇನ್ನೊಂದು ಡಂಪ್ ಕೇಕ್. ಡಬ್ಬಿ ಹಣ್ಣು ಸುರಿ, ಪ್ಯಾಕೆಟ್ಟಿನ ಕೇಕ್ ಪುಡಿ ಒಣಗಿದ್ದನ್ನೇ ಉದುರಿಸು, ಮೇಲೆ ಬೆಣ್ಣೆ ತುಂಡು, ಕಲಸಬೇಡ, ಮುಚ್ಚು. ಸೋಮಾರಿ ಅಡುಗೆ. ತಿನ್ನೋಕೆ ಪರವಾಗಿಲ್ಲ, ಆದರೆ ಮಕ್ಕಳಿಗೆ ಮಾಡೋಕೆ ಏನೂ ಉಳಿಯಲ್ಲ. ಮಳೆ ಬರೋ ಹಾಗಿದ್ದರೆ ಮಾತ್ರ ಇದು. ಕಾದ ಮುಚ್ಚಳದ ಮೇಲೆ ತಣ್ಣೀರು ಬಿದ್ದರೆ ಎರಕದ ಕಬ್ಬಿಣ ಸೀಳಬಹುದು, ಅದಕ್ಕೆ ಒಂದು ತಗಡು ಯಾವಾಗಲೂ ಜೊತೆಗಿರುತ್ತೆ.

24 ಮಕ್ಕಳಿಗೆ ಒಂದು ಪಾತ್ರೆ ಸಾಲದು. ಎರಡನೇದು ಇಲ್ಲೇ ಕೊಂಡ ಎರಕದ ಪಾತ್ರೆ, ಕಾಲೂ ಇಲ್ಲ, ಅಂಚೂ ಇಲ್ಲ. ಮೂರು ಇಟ್ಟಿಗೆ ಚೂರಿನ ಮೇಲೆ ಕೂರಿಸುತ್ತೇವೆ. ವೆಲ್ಡಿಂಗ್ ಅಂಗಡಿಯವರು ದಪ್ಪ ತಗಡಿಗೆ ಪಟ್ಟಿ ಸುತ್ತಿ ಅಂಚಿರೋ ಮುಚ್ಚಳ ಮಾಡಿಕೊಟ್ಟರು. ಮುಚ್ಚಳ ಎತ್ತೋ ಕೊಕ್ಕೆಯನ್ನೂ ಅವರೇ ಬಗ್ಗಿಸಿದರು.

ಬೆಂಕಿ ಹತ್ತಿರ ನಾನು ಸಲಿಗೆ ಕೊಡಲ್ಲ. ತರಗು, ಒಣ ಗರಿ ಎಲ್ಲ ಗುಡಿಸಿ ಮಣ್ಣು ಕಾಣಬೇಕು. ನೀರು, ಮರಳು ಪಕ್ಕದಲ್ಲಿರಬೇಕು. ವೇಲು, ಜಡೆ ಬಿಗಿಯಾಗಿ ಕಟ್ಟಿರಬೇಕು. ಬಿಸಿ ಹಿಡಿ ಹಿಡಿಯೋಕೆ ಒಣ ಬಟ್ಟೆಯೇ ಆಗಬೇಕು, ಒದ್ದೆ ಬಟ್ಟೆ ಕ್ಷಣದಲ್ಲಿ ಹಬೆಯಾಗಿ ಕೈ ಸುಡುತ್ತೆ. ಬೂದಿ ಕಟ್ಟಿದ ಕೆಂಡ ಆರಿದ ಹಾಗೆ ಕಾಣುತ್ತೆ, ಆರಿರಲ್ಲ.

ತೊಳೆಯೋ ವಿಷಯದಲ್ಲಿ ಆದದ್ದು ಹೇಳಿಬಿಡುತ್ತೇನೆ. ಈ ಪಾತ್ರೆಯ ಜೀವ ಇರೋದು ಒಳಗಿನ ಕಪ್ಪು ಪದರದಲ್ಲಿ. ಎಣ್ಣೆ ಸವರಿ ಕಾಯಿಸಿ ಕಾಯಿಸಿ ಬಂದ ಪದರ ಅದು, ಹಿಟ್ಟು ಹಿಡಿಯದಂತೆ ನೋಡಿಕೊಳ್ಳುತ್ತೆ. ಒಂದು ರಾತ್ರಿ ಎಲ್ಲರೂ ಹಾಡು, ಆಟ ಅಂತ ಇರುವಾಗ ಎಂಟನೇ ಕ್ಲಾಸಿನ ಒಬ್ಬಳು ಒಬ್ಬಳೇ ತೊಟ್ಟಿ ಹತ್ತಿರ ಕೂತು ಪಾತ್ರೆ ತಿಕ್ಕಿದಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಮನೆಯಲ್ಲಿ ಅಜ್ಜಿ ಕಲಿಸಿದ ಹಾಗೆ, ಮನಸಿಟ್ಟು. ಟಾರ್ಚ್ ಬಿಟ್ಟು ತೋರಿಸಿದಳು. "ನೋಡಿ ಮಿಸ್, ಹೊಸದರ ಥರ ಆಯ್ತು!" ಹುಣಸೆ ಹುಳಿಗೆ ಪದರವೆಲ್ಲ ಎದ್ದು ಪಾತ್ರೆ ಬೂದು ಬಣ್ಣಕ್ಕೆ ಬಂದಿತ್ತು. ಬೈಯೋಕೆ ಬಾಯಿ ಬರಲಿಲ್ಲ. ಬೆಳಗ್ಗೆ ಹೊತ್ತಿಗೆ ಕೆಂಪಗೆ ತುಕ್ಕು.

ಅವಳನ್ನೇ ಕೂರಿಸಿಕೊಂಡು ಸರಿ ಮಾಡಿದೆ. ಕಲ್ಲುಪ್ಪು, ನಾರು ಹಾಕಿ ತುಕ್ಕು ತೆಗೆದೆವು. ಒಲೆ ಮೇಲೆ ಒಣಗಿಸಿದೆವು. ಕಡಲೆಕಾಯಿ ಎಣ್ಣೆಯನ್ನು ಹಚ್ಚಿದ್ದೂ ಗೊತ್ತಾಗದಷ್ಟು ತೆಳುವಾಗಿ ಸವರಿ, ಮಗುಚಿ ಹಾಕಿ ಒಂದು ಗಂಟೆ ಕಾಯಿಸಿದೆವು. ಹೀಗೆ ಮೂರು ಸಲ. ಜಾಸ್ತಿ ಎಣ್ಣೆ ಹಚ್ಚಿದರೆ ಅಂಟು ಕಟ್ಟುತ್ತೆ. ಈಗ ಕಾಬ್ಲರ್ ಮುಗಿದ ಮೇಲೆ ಬಿಸಿನೀರು, ನಾರು, ಒರೆಸೋದು, ಎಣ್ಣೆ ಅಷ್ಟೇ. ಮುಚ್ಚಳಕ್ಕೂ ಪಾತ್ರೆಗೂ ನಡುವೆ ಮಡಚಿದ ಪೇಪರ್ ಇಟ್ಟು ಗಾಳಿಯಾಡೋಕೆ ಬಿಡುತ್ತೇವೆ.

ಆ ಹುಡುಗಿ ಈಗ ಹತ್ತನೇ ಕ್ಲಾಸ್. ಕಳೆದ ಮೇ ಕ್ಯಾಂಪಿನಲ್ಲಿ ಊಟ ಆದ ಮೇಲೆ ಒಬ್ಬ ಚಿಕ್ಕವನು ಸೋಪಿನ ಪುಡಿ ಹಿಡಿದು ಪಾತ್ರೆ ಕಡೆ ಹೊರಟ. ಇವಳು ಎದ್ದು ಓಡಿದ್ದು ನೋಡಬೇಕಿತ್ತು. "ಲೋ, ಅದನ್ನ ಮುಟ್ಟಬೇಡ! ಅದು ನಂದು."